ತಿಥಿ ಮುಗಿದ ಮೇಲೆ ಆ ಮನೆಗೆ ಹೋಗೋರು ಯಾರು?

ಸಂಕದಾಚೆ (ಚರ್ಚೆ ಶುರು ಮಾಡಿದವರು)

ನಮ್ಮ ಕಡೆ ಸಾವಾದರೆ ಊರಿಗೆ ಊರೇ ಬರುತ್ತೆ, ಅದರಲ್ಲಿ ಎರಡು ಮಾತಿಲ್ಲ. ಚಟ್ಟ ಕಟ್ಟೋರು, ಸೌದೆ ಹೊರೋರು, ಸೂತಕದ ಮನೆಗೆ ಗಂಜಿ ತರೋರು, ಯಾರನ್ನೂ ಕರೀಬೇಕಾಗಿಲ್ಲ. ಹದಿಮೂರು ಕಳೀತು, ಶಾಮಿಯಾನ ಬಿಚ್ಚಿದ್ರು ಅಂದ್ರೆ ಅಂಗಳ ಖಾಲಿ. ಕಷ್ಟ ಶುರುವಾಗೋದೇ ಹದಿನಾಲ್ಕನೇ ದಿನ.

ಲೆಕ್ಕಕ್ಕೆ ಒಂದು ಮನೆ ಇಟ್ಕೊಳ್ಳಿ. ತೀರ್ಥಹಳ್ಳಿ-ಹೊಸನಗರದ ನಡುವೆ ಇಪ್ಪತ್ತು ಮನೆಯ ಹಳ್ಳಿ. ಮೇ ಕೊನೆಯಲ್ಲಿ ಯಜಮಾನ ತೀರಿಕೊಂಡ. ಎರಡು ಎಕರೆ ಅಡಿಕೆ, ಸೊಸೈಟಿ ಸಾಲ, ಸಂಘದ ಸಾಲ, ಹಾಸಿಗೆ ಹಿಡಿದ ಅತ್ತೆ, ಪಿಯುಸಿ ಮಗ, ಮೂರನೇ ಕ್ಲಾಸಿನ ಮಗಳು. ಜೂನ್ ಬಂತು, ಮಳೆ ಹಿಡೀತು. ಅಕ್ಕಪಕ್ಕದವರು ಯಾವಾಗ ಏನು ಮಾಡಬೇಕು? ಸ್ವಂತ ಕಥೆ ಬೇಡ ಮಾರಾಯ್ರೆ. ಕೆಲಸ, ದಿನ, ಲೆಕ್ಕ ಹೇಳಿ.

ಕೊನೆಕೊಯ್ಲು

ಮೊದಲು ತೋಟ. ಸಾಂತ್ವನ ಆಮೇಲೆ ಹೇಳಿದರೂ ನಡೆಯುತ್ತೆ, ಔಷಧಿ ಆಮೇಲೆ ಹೊಡೆದರೆ ನಡೆಯಲ್ಲ. ಕೊಳೆ ರೋಗಕ್ಕೆ ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ, ಅಥವಾ ಹಿಡಿದ ಹೊಸತರಲ್ಲಿ ಸಿಗುವ ಹೊಳವಿನಲ್ಲಿ, ಅಂದರೆ ಮಳೆ ಬಿಟ್ಟ ಹೊತ್ತಿನಲ್ಲಿ ಆಗಬೇಕು. ಎರಡನೆಯದು ಅದಾಗಿ 40-45 ದಿನಕ್ಕೆ. ಮೇ ಕೊನೆಯ ಸಾವು ಅಂದರೆ ಮೊದಲ ಔಷಧಿಯ ಹೊತ್ತು ಸರಿಯಾಗಿ ಸೂತಕದೊಳಗೇ ಬರುತ್ತೆ. ಆ ಮನೆಯಲ್ಲಿ ಯಾರಿಗೂ ಅದು ನೆನಪಿರಲ್ಲ, ನೆನಪಾದರೂ ಬಾಯಿಬಿಟ್ಟು ಕೇಳಲ್ಲ.

ಲೆಕ್ಕ ಹೀಗೆ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಮರ, ಎರಡು ಎಕರೆಗೆ ಸಾವಿರದ ಮೇಲೆ. ಮರಕ್ಕೆ ಒಂದು ಲೀಟರ್ ಅಂತ ಹಿಡಿದರೂ 200 ಲೀಟರಿನ ಐದಾರು ಡ್ರಮ್ ಬೋರ್ಡೋ ದ್ರಾವಣ ಬೇಕು. ಶೇ. 1ರ ದ್ರಾವಣಕ್ಕೆ 100 ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಹತ್ತು ಹನ್ನೊಂದು ಕೆಜಿ ತುತ್ತ, ಅಷ್ಟೇ ಸುಣ್ಣ ಊರವರೇ ತಂದುಬಿಡಿ.

ನೆರವಿಗೆ ಬಂದ ಹುಡುಗರು ಎಡವೋದು ಇಲ್ಲೇ. ತುತ್ತ ಬೇರೆ, ಸುಣ್ಣ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಬೇಕು, ಕಬ್ಬಿಣದ ಪಾತ್ರೆ ಆಗಲ್ಲ. ಎರಡನ್ನೂ ಸೋಸಿ ಸೇರಿಸಿದ ಮೇಲೆ ಉಜ್ಜಿ ಹೊಳಪು ಬರಿಸಿದ ಚಾಕುವಿನ ಅಲಗನ್ನ ಒಂದು ನಿಮಿಷ ಅದ್ದಿ ತೆಗೀರಿ. ಅಲಗಿನ ಮೇಲೆ ಕೆಂಪು ಕೂತಿದ್ದರೆ ತುತ್ತ ಹೆಚ್ಚಾಗಿದೆ, ಮಿಳ್ಳೆ (ಎಳೇ ಅಡಿಕೆ ಕಾಯಿ) ಸುಡುತ್ತೆ. ಕೆಂಪು ಬರೋದು ನಿಲ್ಲುವ ತನಕ ಸುಣ್ಣದ ತಿಳಿ ಸೇರಿಸ್ತಾ ಹೋಗಿ. ಕಲಸಿದ್ದನ್ನ ಅವತ್ತೇ ಮುಗಿಸಬೇಕು, ನಾಳೆಗೆ ಇಟ್ಟರೆ ಕೆಲಸಕ್ಕೆ ಬರಲ್ಲ. ಧರ್ಮಕ್ಕೆ ಮಾಡೋ ಕೆಲಸ ಅಂತ ಅರೆಬರೆ ಮಾಡಿದರೆ ಒಂದು ವರ್ಷದ ಫಸಲು ನಾವೇ ಕಳೆದ ಹಾಗೆ.

ಮಳೆಬೆಳಕು

ಮರ ಹತ್ತೋ ಕೊನೆಗೌಡರ ಮಜೂರಿ ಯಾರು ಕೊಡೋದು? ಮುಯ್ಯಾಳಿಗೆ (ಕೂಲಿ ಇಲ್ಲದೆ ಆಳಿಗೆ ಆಳು) ಹೋಗೋರು ಕೆಳಗೆ ಪೈಪು ಹಿಡೀಬಹುದು, ದ್ರಾವಣ ಕಲಸಬಹುದು. ಮರ ಹತ್ತೋರು, ಉದ್ದ ಕೋಲಿನ ದೋಟಿಯಲ್ಲಿ ಹೊಡೆಯೋರು ಸೀಸನ್ನಿನಲ್ಲಿ ಬಿಟ್ಟಿ ಸಿಗಲ್ಲ. ಅವರಿಗೂ ವರ್ಷದ ದುಡಿಮೆ ಆ ಮೂರು ತಿಂಗಳೇ.

ಕೊನೆಕೊಯ್ಲು

ಸರಿಯಾದ ಪ್ರಶ್ನೆ. ಅವರ ಕೂಲಿ ಕಡಿಮೆ ಮಾಡಿ ಅಂತ ಕೇಳಲೇಬಾರದು, ನಮ್ಮ ದಯೆಗೆ ಇನ್ನೊಬ್ಬ ಬಡವ ದುಡ್ಡು ಕಟ್ಟೋದು ನ್ಯಾಯ ಅಲ್ಲ. ಊರಿನ ನಿಧಿಯಿಂದ ಕೊಡಿ. ಇಪ್ಪತ್ತು ಮನೆ, ತಿಂಗಳಿಗೆ ಇನ್ನೂರು ಅಂದರೆ ನಾಲ್ಕು ಸಾವಿರ, ಆರು ತಿಂಗಳಿಗೆ ಇಪ್ಪತ್ನಾಲ್ಕು ಸಾವಿರ. ಲೆಕ್ಕ ಇಬ್ಬರ ಕೈಯಲ್ಲಿರಲಿ, ಒಬ್ಬರು ಹೆಂಗಸಾಗಿರಲಿ. ಉಳಿದದ್ದು ಆಕೆಯದೇ ಖಾತೆಗೆ ಹೋಗಬೇಕು, ಮೈದುನನ ಖಾತೆಗಲ್ಲ. ದುಡ್ಡು ಕೊಡೋ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕೋರನ್ನ ಮಾತ್ರ ದೂರ ಇಡಿ.

ಪಾಸ್‌ಬುಕ್

ಕಾಗದಪತ್ರದ ಕೆಲಸ ನನಗಿರಲಿ.

ಮರಣ ನೋಂದಣಿ 21 ದಿನದೊಳಗೆ ಆಗಬೇಕು. ತಡವಾದರೆ ಶುಲ್ಕ, ಇನ್ನೂ ತಡವಾದರೆ ಅಫಿಡವಿಟ್ಟು, ವರ್ಷ ದಾಟಿದರೆ ಅಧಿಕಾರಿಗಳ ಆದೇಶ. ಆಧಾರ್‌ನಲ್ಲಿ, ಪಹಣಿಯಲ್ಲಿ, ಬ್ಯಾಂಕಿನಲ್ಲಿ ಇರೋ ಹೆಸರು ಒಂದೇ ಥರ ಇದೆಯಾ ಅಂತ ನೋಡಿಯೇ ಬರೆಸಿ. ಒಂದು ಕಡೆ 'ನಾಗಪ್ಪ', ಇನ್ನೊಂದು ಕಡೆ 'ನಾಗಪ್ಪ ಗೌಡ' ಅಂತಿದ್ದರೆ ಅದೊಂದಕ್ಕೇ ಆರು ತಿಂಗಳು ಅಲೆಸ್ತಾರೆ. ಪ್ರಮಾಣಪತ್ರದ ಹತ್ತು ಪ್ರತಿ ತಗೊಳ್ಳಿ.

ಆಮೇಲೆ ಗಂಡನ ಎಲ್ಲ ಪಾಸ್‌ಬುಕ್ಕಿಗೂ ಎಂಟ್ರಿ ಹಾಕಿಸಿ ಮೇ-ಜೂನ್ ತಿಂಗಳ ಸಾಲುಗಳನ್ನ ಬೆರಳಿಟ್ಟು ಓದಿ. 436 ರೂಪಾಯಿ ಕಡಿತ ಕಂಡರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ: ಯಾವ ಕಾರಣದ ಸಾವಿಗೂ 2 ಲಕ್ಷ. ಹೊಸದಾಗಿ ಸೇರಿದವರಿಗೆ ಮಾತ್ರ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಸಾವಿಗೆ ಸಿಗಲ್ಲ. 20 ರೂಪಾಯಿ ಕಡಿತ ಇದ್ದರೆ ಸುರಕ್ಷಾ ವಿಮೆ, ಅಪಘಾತದ ಸಾವಿಗೆ 2 ಲಕ್ಷ. ಮರದಿಂದ ಬಿದ್ದದ್ದು, ಹಾವು ಕಚ್ಚಿದ್ದು ಅಪಘಾತದ ಲೆಕ್ಕಕ್ಕೆ ಬರುತ್ತೆ, ಆದರೆ ದಾಖಲೆ ಬೇಕು. 'ಪೋಸ್ಟ್‌ಮಾರ್ಟಂ ಯಾಕೆ, ಹೆಣ ಕೊಯ್ಯೋದು ಬೇಡ' ಅಂತ ಊರ ಹಿರಿಯರೇ ತಡೆದು ಆ ಹಣಕ್ಕೆ ಕಲ್ಲು ಹಾಕಿರ್ತಾರೆ. ವಿಮೆಯ ವರ್ಷ ಜೂನ್ 1ರಿಂದ ಮೇ 31. ಹಾಗಾಗಿ ಮೇ ಕೊನೆಯ ಸಾವಾದರೆ ಹಿಂದಿನ ವರ್ಷದ ಕಡಿತವನ್ನೂ ನೋಡಿ. ಕಟ್ಟಿದ್ದು ಮನೆಯವರಿಗೆ ಗೊತ್ತೇ ಇರಲ್ಲ, ಖಾತೆ ತೆರೆಯುವಾಗ ಗಂಡ ಎಲ್ಲೋ ಸಹಿ ಹಾಕಿರ್ತಾನೆ.

ಸಂಘದ ಸಾಲಕ್ಕೂ ಬಹಳ ಸಲ ಸಾಲಗಾರನ ಮೇಲೆ ವಿಮೆ ಇರುತ್ತೆ. ಬಾಕಿ ಕಟ್ಟೋಕೆ ಮುಂಚೆ 'ವಿಮೆ ಪತ್ರ ತೋರಿಸಿ' ಅನ್ನಿ. ಇನ್ನು ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನ ವಾರಸುದಾರರ ಹೆಸರಿಗೆ ಮಾಡಿಸೋದು. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸುವಾಗ ಹೆಣ್ಣುಮಗಳ ಹೆಸರು ಬಿಡಬೇಡಿ. ಬಿಟ್ಟರೆ ಮುಂದೆ ಕೋರ್ಟು ಖಂಡಿತ.

ಸಂಕದಾಚೆ

ಸಾಲ ವಸೂಲಿಗೆ ಬಂದು ಅಂಗಳದಲ್ಲಿ ಕೂತರೆ?

ಪಾಸ್‌ಬುಕ್

ಮೈಕ್ರೋಫೈನಾನ್ಸ್‌ನವರು ಬೆಳಿಗ್ಗೆ 9ರ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡಿ ಪೀಡಿಸೋ ಹಾಗಿಲ್ಲ, ನೆಂಟರು-ನೆರೆಯವರನ್ನ ಕಾಡೋ ಹಾಗಿಲ್ಲ, ರಿಸರ್ವ್ ಬ್ಯಾಂಕಿನ ನಿಯಮ ಅದು. ರಾಜ್ಯದಲ್ಲಿ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂದು ಆಮೇಲೆ ಕಾಯ್ದೆಯೂ ಆಯ್ತು. ಬಲವಂತದ ವಸೂಲಿಗೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ವಾದ ಬೇಡ, ಬಂದವನ ಗುರುತಿನ ಚೀಟಿ ಕೇಳಿ, ಹೆಸರು, ಹೊತ್ತು ಬರೆದಿಡಿ. ಜಗ್ಗದಿದ್ದರೆ 112. ಎಲ್ಲಕ್ಕಿಂತ ಮುಖ್ಯ, ಅವರು ಬರೋ ದಿನ ನೆರೆಮನೆಯ ಒಬ್ಬರು ಜಗಲಿಯಲ್ಲಿ ಸುಮ್ಮನೆ ಕೂತಿರಲಿ. ಇನ್ನೊಬ್ಬರು ನೋಡ್ತಿದ್ದಾರೆ ಅಂದಕೂಡಲೇ ಬಂದವನ ದನಿ ಇಳಿಯುತ್ತೆ.

ಹಳೇ ಕಂಪೌಂಡರ್

ಅತ್ತೆಯ ವಿಷಯ ಯಾರೂ ಎತ್ತಲಿಲ್ಲವಲ್ಲ. ಆ ಮನೆಯ ಸೊಸೆಗೆ ಅಳೋಕೂ ಬಿಡುವಿಲ್ಲದ ಹಾಗೆ ಮಾಡಿರೋದು ಆ ಹಾಸಿಗೆಯೇ.

ಹಾಸಿಗೆ ಹಿಡಿದವರನ್ನ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ಪೂರ್ತಿ ಪಕ್ಕಕ್ಕೆ ಹೊರಳಿಸಿದರೆ ತೊಡೆಯ ಕೀಲಿನ ಮೇಲೇ ಭಾರ ಬಿದ್ದು ಅಲ್ಲೇ ಹುಣ್ಣಾಗುತ್ತೆ. ಬೆನ್ನ ಹಿಂದೆ ದಿಂಬು ಕೊಟ್ಟು ಓರೆಯಾಗಿ, ಸುಮಾರು 30 ಡಿಗ್ರಿ ವಾಲಿಸಿ. ಮೀನಖಂಡದ ಕೆಳಗೆ ಮಡಿಸಿದ ಕೌದಿ ಇಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗಲ್ಲ. ಮೇಲೆ ಎಳೆಯುವಾಗ ಕಂಕುಳಿಗೆ ಕೈ ಹಾಕಿ ಎಳೀಬೇಡಿ, ಚರ್ಮ ಕಿತ್ತು ಬರುತ್ತೆ. ಅಡ್ಡಕ್ಕೆ ಒಂದು ಹಳೇ ಪಂಚೆ ಹಾಸಿ, ಎರಡು ಕಡೆ ಇಬ್ಬರು ಪಂಚೆಯ ಅಂಚು ಸುತ್ತಿ ಹಿಡಿದು ಒಟ್ಟಿಗೆ ಎತ್ತಬೇಕು. ಇಬ್ಬರು ಬೇಕು ಅನ್ನೋದೇ ಸಮಸ್ಯೆ. ಬೆಳಿಗ್ಗೆ ಒಬ್ಬರು, ರಾತ್ರಿ ಮಲಗುವ ಮುಂಚೆ ಒಬ್ಬರು ಹೋದರೆ ಸಾಕು, ಹತ್ತು ನಿಮಿಷದ ಕೆಲಸ.

ಊಟ ಕೂರಿಸಿಯೇ ಕೊಡಿ, ತಿಂದ ಮೇಲೂ ಅರ್ಧ ಗಂಟೆ ಕೂತಿರಲಿ. ಮಲಗಿಸಿ ಗಂಜಿ ಹುಯ್ದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತೆ. ಸೊಂಟದ ಹತ್ತಿರ ಚರ್ಮ ಕೆಂಪಾಗಿ, ಒತ್ತಿದರೂ ಬಿಳಿಚಿಕೊಳ್ಳದಿದ್ದರೆ ಹುಣ್ಣು ಶುರುವಾಯ್ತು ಅಂತಲೇ ಲೆಕ್ಕ. ಅರಿಶಿನ, ಪೌಡರ್ ಮೆತ್ತಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ ಆಸ್ಪತ್ರೆಯವರಿಗೆ ತೋರಿಸಿ. ಮಳೆಗಾಲದಲ್ಲಿ ಬಟ್ಟೆ ಒಣಗಲ್ಲ. ಹಾಗಾಗಿ ಸೀರೆ-ಪಂಚೆ ಕೊಡೋಕೆ ಮನಸ್ಸಿದ್ದವರು ಹೊಸದಲ್ಲ, ಮೆತ್ತಗಾದ ಹಳೇ ಹತ್ತಿ ಬಟ್ಟೆ ಹತ್ತಿಪ್ಪತ್ತು ಕೊಡಿ.

ವಾರಕ್ಕೆ ಎರಡು ಮಧ್ಯಾಹ್ನ, ಮೂರು ಮೂರು ಗಂಟೆ, ಯಾರಾದರೂ ಅತ್ತೆ ಹತ್ತಿರ ಕೂತರೆ ಆಕೆ ಹೊರಗೆ ಹೋಗಿ ಬರಬಹುದು. ಎಲ್ಲಿಗೆ ಅಂತ ಕೇಳಬೇಡಿ.

ಮಳೆಬೆಳಕು

ನಾನೂ ಒಂದು ಸೇರಿಸ್ತೀನಿ. 'ಏನಾದ್ರೂ ಬೇಕಾದ್ರೆ ಹೇಳಮ್ಮ' ಅನ್ನೋ ಮಾತು ಯಾವ ಕೆಲಸಕ್ಕೂ ಬರಲ್ಲ, ಕೇಳೋ ಹೊರೆಯನ್ನೂ ಅವಳ ತಲೆಗೇ ಕಟ್ಟಿದ ಹಾಗೆ. 'ನಾಳೆಯಿಂದ ಈ ತಿಂಗಳು ಹಾಲು ಡೈರಿಗೆ ನಾನೇ ಹಾಕ್ತೀನಿ' ಅನ್ನಿ. 'ಧೈರ್ಯ ತಗೋ', 'ಮಕ್ಕಳ ಮುಖ ನೋಡು', 'ಅವನ ಋಣ ಇಷ್ಟೇ ಇತ್ತು', ಈ ಮೂರು ಮಾತೂ ಬೇಡ. ತೀರಿಕೊಂಡವರ ಹೆಸರು ಹಿಡಿದು ಮಾತಾಡಿ, 'ಈ ಕಾಲುಸಂಕ ಅವರೇ ಹಾಕಿಸಿದ್ದಲ್ವಾ' ಅನ್ನಿ. ಹೆಸರೆತ್ತಿದರೆ ಅಳ್ತಾಳೆ ಅಂತ ಎಲ್ಲರೂ ಬಾಯಿ ಮುಚ್ಕೊಂಡರೆ ಆ ಮನುಷ್ಯ ಇನ್ನೊಂದು ಸಲ ಸತ್ತ ಹಾಗೆ.

ಮೂರನೇ ಕ್ಲಾಸಿನ ಮಗುಗೆ 'ಅಪ್ಪ ನಿದ್ದೆ ಮಾಡ್ತಿದ್ದಾರೆ', 'ಊರಿಗೆ ಹೋಗಿದ್ದಾರೆ' ಅನ್ನಬೇಡಿ. ನಿದ್ದೆಗೇ ಹೆದರುತ್ತೆ, ಊರಿಗೆ ಹೋದವರನ್ನೆಲ್ಲ ಕಾಯುತ್ತೆ. 'ಸತ್ತುಹೋದರು, ಇನ್ನು ಬರಲ್ಲ, ನಿನ್ನಿಂದ ಆಗಿದ್ದಲ್ಲ' ಅಂತ ಸರಳವಾಗಿ ಹೇಳಿ. ಆ ಕೊನೇ ಮಾತು ಕೇಳದಿದ್ದರೂ ಹೇಳಬೇಕು, ಮಕ್ಕಳು ಒಳಗೊಳಗೇ ಹಾಗೇ ಅಂದ್ಕೊಂಡಿರ್ತಾವೆ.

ಹಣಗೆರೆ ದಾರಿ

ಇಷ್ಟೆಲ್ಲ ಬರೆದಿರಿ, ದೇವರ ಮಾತೇ ಇಲ್ಲ. ಸಿಗಂದೂರು ದೇವಿಯ ಹತ್ತಿರ ಲಾಂಚ್ ಹತ್ತಿ ಹೋಗ್ತಿದ್ದ ಜನ ಏನು ದಡ್ಡರಾ? ಹಣಗೆರೆಕಟ್ಟೆಯಲ್ಲಿ ಒಂದೇ ಸೂರಿನಡಿ ದರ್ಗಾವೂ ಇದೆ, ಭೂತರಾಯ-ಚೌಡೇಶ್ವರಿಯೂ ಇದ್ದಾರೆ. ಎರಡೂ ಕಡೆಯ ಜನ ಬಂದು ಅತ್ತು ಹಗುರಾಗಿ ಹೋಗ್ತಾರೆ. ಯಾರಿಗೂ ಹೇಳಲಾರದ್ದನ್ನ ಅಲ್ಲಿ ಹೇಳ್ಕೋತಾರೆ.

ಹಳೇ ಕಂಪೌಂಡರ್

ದಡ್ಡರು ಅಂತ ಯಾರೂ ಅನ್ನಲಿಲ್ಲ ಮಾರಾಯ್ರೆ. ಹೋಗಲಿ, ಹರಕೆಯನ್ನೂ ಹೊರಲಿ. ತಕರಾರು ಒಂದೇ, ಹರಕೆ ಹೊತ್ತ ದಿನದಿಂದ ಮಾತ್ರೆ ಬಿಡೋದು. ಖಿನ್ನತೆಯ ಮಾತ್ರೆ ಕೆಲಸ ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಬರೀ ಹೊಟ್ಟೆ ತೊಳಸೋದು, ಮಂಪರು. 'ಇದರಿಂದ ಏನೂ ಆಗ್ಲಿಲ್ಲ' ಅಂತ ಬಿಡೋದೇ ಆವಾಗ. ಇನ್ನು ಕೆಲವರು ಗುಣ ಆದ ತಿಂಗಳಿಗೇ ಬಿಡ್ತಾರೆ. ಗುಣ ಕಂಡ ಮೇಲೂ ಆರು ತಿಂಗಳಾದರೂ ತಗೋಬೇಕು, ನಿಲ್ಲಿಸೋದಾದರೆ ವೈದ್ಯರು ಹೇಳಿದ ಹಾಗೆ ಇಳಿಸ್ತಾ ಬರಬೇಕು. ಪೂಜೆ ಮಾಡೋ ಭಟ್ರು, ದರ್ಗಾದ ಮುಜಾವರರು, ಚರ್ಚಿನ ಫಾದರ್ 'ಮಾತ್ರೆ ಬಿಡಬೇಡ, ಪ್ರಸಾದದ ಜೊತೆಗೇ ತಗೋ' ಅಂದರೆ ನಮ್ಮ ಹತ್ತು ಮಾತಿಗಿಂತ ಆ ಒಂದು ಮಾತು ನಡೆಯುತ್ತೆ. ಅವರನ್ನ ಮೊದಲೇ ಕಂಡು ಹೇಳಿಡಿ.

ಹಣಗೆರೆ ದಾರಿ

ಅದಕ್ಕೆ ಒಪ್ಪಿಗೆ. ಪ್ರತಿಯಾಗಿ ನನ್ನದೂ ಒಂದು. ಒಂದೊಂದು ಮನೆಯ ಪದ್ಧತಿ ತಿಳ್ಕೊಂಡು ಹೋಗಿ. ಮುಸ್ಲಿಮರ ಮನೆಯಾದರೆ ಮೂರು ದಿನ ಒಲೆ ಹಚ್ಚದಂತೆ ನೆರೆಯವರೇ ಊಟ ಕಳಿಸ್ತಾರೆ. ಗಂಡ ತೀರಿದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರ್ತಾಳೆ, ತೀರಾ ಅಗತ್ಯವಿಲ್ಲದೆ ಹೊರಗೆ ಹೋಗಲ್ಲ. ಪಾಸ್‌ಬುಕ್ಕಿನವರು ಹೇಳಿದ ಬ್ಯಾಂಕು, ನಾಡಕಚೇರಿ ಓಡಾಟವನ್ನ ಆ ಲೆಕ್ಕ ನೋಡಿ ಹೊಂದಿಸಬೇಕು. ಲಿಂಗಾಯತರಲ್ಲಿ ಸೂತಕದ ಕಟ್ಟುಪಾಡಿಲ್ಲ, ಮರುದಿನವೇ ಅವರ ಮನೆಯಲ್ಲಿ ಕಾಫಿ ಕುಡೀಬಹುದು, ಕುಡೀಲೂ ಬೇಕು. ಕ್ರೈಸ್ತರಿಗೆ ಮೂವತ್ತನೇ ದಿನದ ಪೂಜೆ, ನವೆಂಬರ್ 2ರ ಸತ್ತವರ ದಿನ ಮುಖ್ಯ. ಸಮಾಧಿ ಸುತ್ತ ಮಳೆಗಾಲದ ಹುಲ್ಲು ಎದೆಯೆತ್ತರ ಬೆಳೆದಿರುತ್ತೆ, ಹಿಂದಿನ ದಿನ ಕತ್ತಿ ಹಿಡಿದು ಹೋಗಿ.

ಕೌದಿ

ಮುಯ್ಯಾಳಿನ ಮಾತು ಬಂತಲ್ಲ, ಅದರಲ್ಲೊಂದು ಸೂಕ್ಷ್ಮ ಇದೆ. ಮುಯ್ಯಿ ಅಂದ್ರೆ ತೀರಿಸೋದೂ ಸೇರಿದ್ದು. ಬರೀ ತಗೊಳ್ಳೋ ಮನೆ ಆಗಿಬಿಟ್ಟರೆ ಆಕೆ ನಮ್ಮ ಕಣ್ತಪ್ಪಿಸಿ ಬೇರೆ ದಾರಿ ಹಿಡಿದು ಓಡಾಡ್ತಾಳೆ. ಅಡಿಕೆ ಸುಲಿಯೋ ಕಾಲಕ್ಕೆ ಅವಳನ್ನ ಕರೀರಿ. ಅವಳು ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಬೇಡ ಅನ್ನದೆ ತಗೊಳ್ಳಿ. ತಂದ ಪಾತ್ರೆಯಲ್ಲಿ ನಾಲ್ಕು ನಿಂಬೆಹಣ್ಣು ಹಾಕಿ ವಾಪಸ್ ಕಳಿಸಿದರೆ ಖುಷಿಯಿಂದ ತಗೊಳ್ಳಿ.

ಇನ್ನೊಂದು. ದರಗು (ಒಣ ಎಲೆ), ಸೊಪ್ಪು ತರೋಕೆ ಈಗ ಅವಳೇ ಕಾಡಿಗೆ ಹೋಗಬೇಕು. ಸೊರಬ ತಾಲ್ಲೂಕಿನ ಕ್ಯಾಸನೂರಲ್ಲಿ 1957ರಲ್ಲಿ ಕಂಡ ಮಂಗನ ಕಾಯಿಲೆ ಇವತ್ತಿಗೂ ಬೇಸಿಗೆ ಬಂದರೆ ಮಲೆನಾಡಲ್ಲಿ ಏಳುತ್ತೆ. ಡಿಸೆಂಬರಿನಿಂದ ಮೇ ತನಕ ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಉಣ್ಣೆ ಹತ್ತದಂತೆ ತಡೆಯೋ ಡೇಪಾ ಎಣ್ಣೆ, ಬಂದ ಮೇಲೆ ಬಿಸಿನೀರಿನ ಸ್ನಾನ, ಹಾಕಿದ್ದ ಬಟ್ಟೆ ಬಿಸಿನೀರಿಗೆ. ಎಣ್ಣೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡ್ತಾರೆ, ತರುವಾಗ ಅವಳಿಗೂ ಒಂದು ಬಾಟಲಿ ತನ್ನಿ.

ಸಂಕದಾಚೆ

ಕೇಳೋಕೆ ಹಿಂಜರಿಕೆ, ಆದರೂ ಕೇಳ್ತೀನಿ. ಆಕೆಯೋ ಮಗನೋ 'ನಾನೂ ಇರಬಾರದಿತ್ತು' ಅಂದರೆ?

ಹಳೇ ಕಂಪೌಂಡರ್

ಮಾತು ತಿರುಗಿಸಬೇಡಿ. 'ಸಾಯಬೇಕು ಅನ್ನಿಸ್ತಿದೆಯಾ?' ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅನ್ನೋದು ಸುಳ್ಳು. ಕೇಳಿದಾಗ ಹಗುರಾಗೋರೇ ಹೆಚ್ಚು. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿರೋ ತೋಟದ ಔಷಧಿ, ಕಳೆನಾಶಕ ಎಲ್ಲ ಅವತ್ತೇ ಬೇರೆಯವರ ಮನೆಗೆ ಸಾಗಿಸಿ, ಬೀಗ ಹಾಕಿ. ಬಚ್ಚಲ ಒಲೆ ಮೇಲೆ, ಅಟ್ಟದ ಮೂಲೆಯಲ್ಲಿ ಅರ್ಧ ಉಳಿದ ಡಬ್ಬಿಗಳು ಇರ್ತಾವೆ, ಹುಡುಕಿ ತೆಗೀರಿ. ಬೆಳೆ ಕಾಯೋ ಕೋವಿ ಇದ್ದರೆ ಠಾಣೆಯಲ್ಲಿ ಇಡೋಕೆ ಕೇಳಿ. ಚುನಾವಣೆ ಬಂದಾಗ ಇಟ್ಟು ಬರೋದು ಎಲ್ಲರಿಗೂ ರೂಢಿಯೇ ಇದೆ, ಯಾರಿಗೂ ವಿಚಿತ್ರ ಅನ್ನಿಸಲ್ಲ. ಆ ಕೆಟ್ಟ ಗಳಿಗೆ ಬಹಳ ಸಲ ಸ್ವಲ್ಪ ಹೊತ್ತಿನದು. ಕೈಗೆ ಸಿಗದಿದ್ದರೆ ಜೀವ ಉಳಿಯುತ್ತೆ.

14416, ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಮ್ಮಲ್ಲಿ ತೊಡಕು ಸಿಗ್ನಲ್. ಟವರ್ ಸಿಗೋ ತಿರುವಿನಲ್ಲಿ ನಾಲ್ಕು ಜನ ಸದಾ ನಿಂತಿರ್ತಾರೆ, ಅಲ್ಲಿ ಯಾರು ತಾನೇ ಮನಸ್ಸು ಬಿಚ್ಚಿ ಮಾತಾಡ್ತಾರೆ? ಸಿಗ್ನಲ್ ಸಿಗೋ ಮನೆಯವರು ಒಂದು ಕೋಣೆ ಬಿಟ್ಟುಕೊಟ್ಟು ಬಾಗಿಲು ಹಾಕ್ಕೊಂಡು ಹೊರಗಿರಿ. ನೇರ ತೋರಿಸಬೇಕಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೂ ಮಂಗಳವಾರ ಮನೋವೈದ್ಯರು ಬರ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಮೊದಲೇ ಕೇಳ್ಕೊಂಡು ಹೊರಡಿ, ಬಸ್ಸಿಗೆ ದುಡ್ಡು ಹಾಕಿ ಖಾಲಿ ಕೈಯಲ್ಲಿ ಬಂದವರು ಎರಡನೇ ಸಲ ಹೋಗಲ್ಲ.

ಯಾರಾದರೂ ಔಷಧಿ ಕುಡಿದೇಬಿಟ್ಟಿದ್ದರೆ ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಹೋದರೆ ಇನ್ನೂ ಕೆಟ್ಟದ್ದು. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ಬಿಚ್ಚಿ ತೊಳೀರಿ, ಎಡ ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ. ಡಬ್ಬಿ ಜೊತೆಗೇ ತಗೊಂಡು ಹೋಗಿ, ಲೇಬಲ್ ನೋಡಿದರೆ ವೈದ್ಯರಿಗೆ ಅರ್ಧ ಕೆಲಸ ಮುಗೀತು. ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ತಡ ಮಾಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬದುಕಿ ಉಳಿದವರನ್ನ ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡುತ್ತೆ, ಶಿಕ್ಷಿಸೋಕಲ್ಲ.

ಕೊನೆಕೊಯ್ಲು

ನಮ್ಮೂರಿನ ಗ್ರೂಪಿಗೆ ಇದರಲ್ಲಿ ಬೇಕಾದ್ದು ಮಾತ್ರ ಬರೆದು ಹಾಕ್ತೀನಿ. ಎರಡನೇ ಔಷಧಿಯ ದಿನ ಯಾರ ಹೆಸರಲ್ಲಿರಲಿ?

ಸಂಕದಾಚೆ

ಜುಲೈ ಎರಡನೇ ವಾರ ನನ್ನ ಹೆಸರಿಗೆ ಹಾಕಿ. ತುತ್ತ ನಾನೇ ತರ್ತೀನಿ.

ಕೌದಿ

ಅದೇ ಪಟ್ಟಿಗೆ ಹಬ್ಬಗಳನ್ನೂ ಸೇರಿಸಿ. ವರ್ಷ ಪೂರ್ತಿ ಆ ಮನೆಯಲ್ಲಿ ಹಬ್ಬ ಇಲ್ಲ. ಗೌರಿ-ಗಣೇಶಕ್ಕೆ ಕಡುಬು ಪಕ್ಕದ ಮನೆಯಿಂದ ಹೋಗಲಿ, ಬೆಳಿಗ್ಗೆಯೇ ಹೋಗಲಿ, ಮಿಕ್ಕಿದ್ದನ್ನ ಸಂಜೆ ಕಳಿಸಬೇಡಿ. ಭೂಮಿ ಹುಣ್ಣಿಮೆಗೆ ನಿಮ್ಮ ತೋಟಕ್ಕೆ ಬುಟ್ಟಿ ಹೊರುವಾಗ ಆ ಹುಡುಗನನ್ನ, ಪುಟ್ಟಿಯನ್ನ ಜೊತೆಗೆ ಕರ್ಕೊಂಡು ಹೋಗಿ, ಬೆಳಗಿನ ಜಾವ ನಾಲ್ಕಕ್ಕೆ ಬಾಗಿಲು ತಟ್ಟಿ. ಭೂಮಿತಾಯಿಗೆ ಚರಗದ ಎಡೆ ಚೆಲ್ಲುವಾಗ ಒಂದು ಹಿಡಿ ಅವರ ಬೇಲಿಯಾಚೆಗೂ ಬೀಳಲಿ.

ಪಾಸ್‌ಬುಕ್

ಮರಣ ಪ್ರಮಾಣಪತ್ರದ ಹತ್ತು ಪ್ರತಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ, ಅಟ್ಟದಲ್ಲಲ್ಲ. ಮಳೆಗಾಲಕ್ಕೆ ಬೂಸ್ಟು ಹಿಡಿಯುತ್ತೆ.